ಯಾರೂ ಬೀಳದ ಮನೆ

ಮೂವತ್ತು ಜನ ಮುದುಕರಿರುವ ಮನೆಯಲ್ಲಿ ವರ್ಷವಿಡೀ ಒಬ್ಬರೂ ಬೀಳಲಿಲ್ಲ ಅಂದರೆ ನಂಬುವುದು ಹೇಗೆ ಹೇಳಿ? ಗಟ್ಟಿಮುಟ್ಟಾದ ಹರೆಯದವರೇ ಬಚ್ಚಲಲ್ಲಿ ಜಾರಿ ಸೊಂಟ ಹಿಡಿದುಕೊಂಡು ಓಡಾಡುವ ಕಾಲ ಇದು. ಹಾಗಿರುವಾಗ ಮಂಡಿ ಸವೆದವರು, ಕಣ್ಣು ಮಂಜಾದವರು, ಹೊತ್ತು ಹೊತ್ತಿಗೆ ಹಿಡಿ ಮಾತ್ರೆ ನುಂಗುವವರು ಒಂದೇ ಸೂರಿನ ಕೆಳಗೆ ಬದುಕುತ್ತಾರಂತೆ, ಬಿದ್ದವರ ಸಂಖ್ಯೆ ಮಾತ್ರ ಸೊನ್ನೆಯಂತೆ. ವರದಿ ಓದಿದ ಇಲಾಖೆಯವರೆಲ್ಲ ಹುಬ್ಬೇರಿಸಿ, ಆಕಳಿಸಿ, ಮುಂದಿನ ಹಾಳೆಗೆ ಹೋದರು. ಇಣುಕಮ್ಮ ಹೋಗಲಿಲ್ಲ.

ಇಣುಕಮ್ಮ ಅನ್ನುವುದು ಹೆಸರಲ್ಲ, ವೃದ್ಧಾಶ್ರಮ ನಡೆಸುವವರು ಅವಳ ಬೆನ್ನ ಹಿಂದೆ ಕೊಟ್ಟ ಬಿರುದು. ಊರಿನ ಹಿರಿಯರ ಮನೆಗಳಿಗೆಲ್ಲ ಹೋಗಿ, ಊಟ, ಔಷಧ, ನೀರು, ನೆಲ, ಬೆಂಕಿ ಬಿದ್ದರೆ ಹೊರಗೆ ಬರುವ ದಾರಿ ಎಲ್ಲವೂ ಸರಿಯಾಗಿದೆಯೇ ಎಂದು ನೋಡಿ, ಪರವಾನಗಿ ಮುಂದುವರಿಸಬೇಕೋ ಬೇಡವೋ ಎಂದು ಬರೆಯುವುದು ಅವಳ ಕೆಲಸ. ಬೇರೆ ಅಧಿಕಾರಿಗಳು ಕಚೇರಿ ಕೋಣೆಯಲ್ಲಿ ಕೂತು, ಕೊಟ್ಟ ಕಾಫಿ ಕುಡಿದು, ತೋರಿಸಿದ್ದನ್ನು ನೋಡಿ ಎದ್ದು ಬರುತ್ತಿದ್ದರು. ಇವಳು ಮಂಚದ ಕೆಳಗೆ ಇಣುಕುತ್ತಾಳೆ, ಪಾತ್ರೆಯ ಮುಚ್ಚಳ ಎತ್ತಿ ಇಣುಕುತ್ತಾಳೆ, ಬೀರುವಿನ ಹಿಂದೆ ಟಾರ್ಚು ಬಿಟ್ಟು ಇಣುಕುತ್ತಾಳೆ. ದಿಂಬು ಮೂಸುತ್ತಾಳೆ. ಬಿಸಿನೀರಿನ ನಲ್ಲಿಯ ಕೆಳಗೆ ಮಣಿಕಟ್ಟು ಹಿಡಿಯುತ್ತಾಳೆ. ಇದೆಲ್ಲ ಯಾರನ್ನೋ ಸಿಕ್ಕಿಸಿಹಾಕುವ ಹಟದಿಂದಲ್ಲ, ಬರೀ ಕುತೂಹಲದಿಂದ. ಮುಚ್ಚಿದ್ದು ಕಂಡರೆ ತೆರೆಯದೆ ಅವಳಿಗೆ ಅನ್ನ ಇಳಿಯುವುದಿಲ್ಲ. ಬಿರುದಿನ ವಿಷಯ ಅವಳಿಗೆ ಗೊತ್ತಿತ್ತು. ಒಳಗೊಳಗೇ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು ಅನ್ನಿ.

ಹಿಂದೊಮ್ಮೆ ಅವಳ ವರದಿಯ ಮೇಲೆ ಒಂದು ಮನೆಯನ್ನು ಮುಚ್ಚಿಸಿದ್ದರು. ಮುಚ್ಚಿಸಿದ್ದು ನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿದ್ದವರನ್ನು ಎಲ್ಲೆಲ್ಲಿ ಮಂಚ ಖಾಲಿ ಇತ್ತೋ ಅಲ್ಲಲ್ಲಿಗೆ ಹಂಚಿಬಿಟ್ಟರು. ಒಂದು ಜೋಡಿಯಲ್ಲಿ ಗಂಡ ಊರಿನ ಆ ತುದಿಗೆ ಹೋದ, ಹೆಂಡತಿ ಈ ತುದಿಗೆ. ವ್ಯಾನು ಹತ್ತುವಾಗ ಆ ಅಜ್ಜಿ ತಿರುಗಿ ನೋಡಿದ ನೋಟ ಇವಳ ಕರುಳಿನಲ್ಲಿ ಉಳಿದುಬಿಟ್ಟಿತ್ತು. ಅಂದಿನಿಂದ ಪೆನ್ನಿನ ಮುಚ್ಚಳ ತೆಗೆಯುವ ಮೊದಲು ಅವಳು ಇನ್ನಷ್ಟು ಇಣುಕುತ್ತಿದ್ದಳು.

ಸೊನ್ನೆ ಬರಲು ಅವಳಿಗೆ ಗೊತ್ತಿದ್ದ ದಾರಿಗಳು ಒಂದೂ ಒಳ್ಳೆಯವಲ್ಲ. ಬಿದ್ದವರನ್ನು ಬಿದ್ದಿಲ್ಲವೆಂದು ಬರೆಯಬಹುದು. ಕುರ್ಚಿಗೆ ಕಟ್ಟಿಹಾಕಬಹುದು. ಹೊತ್ತಾರೆ ಒಂದು ನಿದ್ರೆ ಮಾತ್ರೆ ಕೊಟ್ಟರೆ ಯಾರೂ ಏಳುವುದೂ ಇಲ್ಲ, ಬೀಳುವುದೂ ಇಲ್ಲ. ಈ ಮನೆಯವರು ಯಾವ ದಾರಿ ಹಿಡಿದಿದ್ದಾರೆ ಎಂದು ನೋಡಿಯೇಬಿಡೋಣ ಎಂದುಕೊಂಡು ಅವಳು ಹೊರಟಳು.

ಹೋಗುತ್ತಿದ್ದಂತೆ ಫಿನಾಯಿಲ್ ವಾಸನೆ ಮೂಗಿಗೆ ರಾಚಿತು. ಅದು ಎಲ್ಲ ಕಡೆಯೂ ಇದ್ದದ್ದೇ. ತಪಾಸಣೆಯ ದಿನ ಫಿನಾಯಿಲ್ ಖರ್ಚಾಗುವಷ್ಟು ಉಳಿದ ದಿನಗಳಲ್ಲಿ ಸೋಪಾದರೂ ಖರ್ಚಾಗಿದ್ದರೆ ಮುದುಕರು ಎಷ್ಟೋ ಸುಖವಾಗಿರುತ್ತಿದ್ದರು. ಮನೆಯ ಮೇಲ್ವಿಚಾರಕಿ ಬಾಗಿಲಲ್ಲೇ ಕಾದಿದ್ದಳು. ಗುಂಡು ಮುಖದ, ಕೈ ಸದಾ ಒದ್ದೆಯಿರುವ ಹೆಂಗಸು. ನಗು ಕಿವಿಯಿಂದ ಕಿವಿಗೆ. ಇಷ್ಟು ಅಗಲ ನಗುವವರು ಏನನ್ನೋ ಮುಚ್ಚಿಡುತ್ತಿರುತ್ತಾರೆ ಎನ್ನುವುದು ಇಣುಕಮ್ಮನ ಅನುಭವ.

ಆದರೆ ಇಣುಕಿದ್ದಲ್ಲೆಲ್ಲ ಎಲ್ಲವೂ ಸರಿಯಾಗಿಯೇ ಇತ್ತು, ಅದೇ ಅವಳ ತಲೆ ಕೆಡಿಸಿದ್ದು. ಅಡುಗೆಮನೆಯ ಪಾತ್ರೆಗಳ ತಳ ಬೆಳಗಿತ್ತು. ಔಷಧದ ಕಪಾಟಿಗೆ ಬೀಗವಿತ್ತು, ನಿದ್ರೆ ಮಾತ್ರೆ ಹೇಳಿಕೊಳ್ಳುವಷ್ಟು ಇರಲಿಲ್ಲ. ಬಚ್ಚಲಲ್ಲಿ ಜಾರದ ಹಾಸು, ಗೋಡೆಯುದ್ದಕ್ಕೂ ಹಿಡಿದು ನಡೆಯಲು ಕಂಬಿ. ದಿಂಬುಗಳಲ್ಲಿ ಬಿಸಿಲಿನ ವಾಸನೆ ಇತ್ತು. ಬಿಸಿಲಿನ ವಾಸನೆಯನ್ನು ಹಿಂದಿನ ದಿನ ಅಂಗಡಿಯಿಂದ ಕೊಂಡು ತರಲಾಗುವುದಿಲ್ಲ.

ಕಾರಿಡಾರ್ ಬಲಕ್ಕೆ ತಿರುಗುವ ಮೂಲೆಯಲ್ಲಿ ಮಾತ್ರ ಅವಳ ಕಾಲು ನಿಂತಿತು. ನೆಲದ ಟೈಲ್ಸಿನಲ್ಲಿ ಬೋಲ್ಟು ಕಿತ್ತ ತೂತುಗಳು. ಯಾರೋ ಅವಸರದಲ್ಲಿ ಸೋಪು ಮೆತ್ತಿ ಮುಚ್ಚಿದ್ದರು. ಅವಳು ಕುಕ್ಕರಗಾಲಿನಲ್ಲಿ ಕೂತು ಉಗುರಿನಿಂದ ಸೋಪು ಕೆರೆದು ಮೂಸಿ, ಇಲ್ಲಿ ಏನಿತ್ತು ಎಂದು ಕೇಳಿದಳು. ಹೂವಿನ ಕುಂಡ ಇತ್ತು ಮೇಡಂ ಎಂದಳು ಮೇಲ್ವಿಚಾರಕಿ. ಹೂವಿನ ಕುಂಡಕ್ಕೆ ಬೋಲ್ಟು ಹಾಕುವವರನ್ನು ತಾನು ಇದೇ ಮೊದಲು ನೋಡುತ್ತಿರುವುದು ಎಂದಳು ಇಣುಕಮ್ಮ. ಮೇಲ್ವಿಚಾರಕಿಯ ನಗು ಒಂದು ಬೆರಳಿನಷ್ಟು ಕಿರಿದಾಯಿತು.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಇಬ್ಬರೂ ಹಾಲ್‌ಗೆ ಬಂದರು. ದೊಡ್ಡ ಹಾಲ್, ಎತ್ತರದ ಕಿಟಕಿಗಳು, ಗೋಡೆಯ ಗುಂಟ ಕುರ್ಚಿಗಳಲ್ಲಿ ಅಜ್ಜ ಅಜ್ಜಿಯರು ಕೂತಿದ್ದರು. ಎದುರುಗಡೆಯ ಊಟದ ಮನೆಯಲ್ಲಿ ಆಯಾಗಳು ತಟ್ಟೆ ಜೋಡಿಸುವ ಸದ್ದು, ಬೇಳೆ ಬೆಂದ ಪರಿಮಳ. ಹಸಿದವರು ಏಳಬೇಕಲ್ಲವೇ? ಒಬ್ಬರೂ ಏಳಲಿಲ್ಲ. ಎಲ್ಲರೂ ಕಾರಿಡಾರಿನ ಮೂಲೆಯ ಕಡೆಗೆ ಕತ್ತು ತಿರುಗಿಸಿ ಪಿಳಿಪಿಳಿ ನೋಡುತ್ತ ಕೂತಿದ್ದರು. ಮೇಲ್ವಿಚಾರಕಿ ಚಪ್ಪಾಳೆ ತಟ್ಟಿ, ಏಳಿ ಏಳಿ, ಊಟ ತಣ್ಣಗಾಗುತ್ತೆ ಎಂದಳು. ಜಪ್ಪಯ್ಯ ಅಂದರೂ ಒಂದು ಕುರ್ಚಿಯೂ ಅಲುಗಲಿಲ್ಲ.

ಕಟ್ಟಿಹಾಕಿದ್ದಾರೆ ಎಂದುಕೊಂಡಳು ಇಣುಕಮ್ಮ. ಮರುಗಳಿಗೆಯಲ್ಲಿ ಅವಳು ಮೊದಲ ಸಾಲಿನ ಅಜ್ಜನ ಮುಂದೆ ಮಂಡಿಯೂರಿ, ಕ್ಷಮಿಸಿ ಅಂತ ಹೇಳಿ, ಮಡಿಲ ಮೇಲಿದ್ದ ಶಾಲು ಎತ್ತಿ ನೋಡಿದಳು. ಆ ಅಜ್ಜ ಒಂದು ಕಾಲದ ವಕೀಲರು. ಅವರು ನಿಧಾನವಾಗಿ ಕನ್ನಡಕ ಸರಿಮಾಡಿಕೊಂಡು, ತನ್ನ ಸೊಂಟದಲ್ಲಿ ಪಟ್ಟಿ ಇರುವುದು ನಿಜ, ಆದರೆ ಅದು ಇರುವುದು ಪ್ಯಾಂಟು ಉದುರದ ಹಾಗೆ, ಬೇಕಿದ್ದರೆ ಮೇಡಂ ಸಾಕ್ಷಿಗಳನ್ನು ಕರೆಯಬಹುದು ಎಂದರು. ಪಕ್ಕದ ಅಜ್ಜಿ ಕಿಸಕ್ಕನೆ ನಕ್ಕರು. ಕಣ್ಣುಗಳನ್ನು ನೋಡಿದರೆ ಎಲ್ಲರದೂ ನಿಚ್ಚಳ. ಮಾತ್ರೆಯ ಮಂಪರು ಯಾರಲ್ಲೂ ಇಲ್ಲ. ಸುಳ್ಳೂ ಅಲ್ಲ, ಹಗ್ಗವೂ ಅಲ್ಲ, ಮಾತ್ರೆಯೂ ಅಲ್ಲ ಅಂದರೆ ಇನ್ನೇನು?

ಯಾಕೆ ಏಳುತ್ತಿಲ್ಲ ಎಂದು ಅವಳು ವಕೀಲರನ್ನೇ ಕೇಳಿದಳು. ಕಂಡಕ್ಟರು ಬಂದಿಲ್ಲ ಎಂದರು ವಕೀಲರು. ಇವರಿಗೆ ಮರೆವು ಇರಬೇಕು ಪಾಪ ಎಂದುಕೊಂಡು ಆಚೆಯ ಅಜ್ಜಿಯನ್ನು ಕೇಳಿದಳು. ಅವರೂ ಕಂಡಕ್ಟರು ಬಂದಿಲ್ಲವಲ್ಲ ಎಂದರು. ಕಿಟಕಿಯ ಹತ್ತಿರದವರನ್ನು ಕೇಳಿದರೂ ಅದೇ ಉತ್ತರ. ಒಂದೇ ಮರೆವು ಇಡೀ ಹಾಲ್‌ಗೆ ಒಟ್ಟಿಗೆ ಬರುವುದನ್ನು ಅವಳು ಎಲ್ಲೂ ಕೇಳಿರಲಿಲ್ಲ. ಮೇಲ್ವಿಚಾರಕಿಯ ಕಡೆಗೆ ತಿರುಗಿದರೆ ಆಕೆ ನೆಲ ನೋಡುತ್ತಿದ್ದಳು.

ಆಗ ಅವಳು ಒಂದು ಕೆಲಸ ಮಾಡಿದಳು. ಮಾಡಬಾರದಿತ್ತು ಅಂತ ಈಗ ಹೇಳುವುದು ಸುಲಭ, ಆ ಹೊತ್ತಿಗೆ ನೀವಾದರೂ ಅದನ್ನೇ ಮಾಡುತ್ತಿದ್ದಿರಿ. ಹತ್ತಿರದಲ್ಲಿ ಸಣ್ಣಗೆ, ಅಚ್ಚುಕಟ್ಟಾಗಿ ಸೆರಗು ಹೊದ್ದು ಕೂತಿದ್ದ ಅಜ್ಜಿಯೊಬ್ಬರು ಅಡುಗೆಯ ಪರಿಮಳದ ಕಡೆಗೆ ಮತ್ತೆ ಮತ್ತೆ ನೋಡುತ್ತಿದ್ದರು. ಹಿಂದೆ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರು, ಎಲ್ಲರಿಗೂ ಹೊಲಿಗೆ ಟೀಚರು. ಇಣುಕಮ್ಮ ಅವರ ಮುಂದೆ ಕೈ ಚಾಚಿ, ಏಳಿ ಅಮ್ಮಾ, ನಾನಿದ್ದೀನಲ್ಲ ಎಂದಳು. ಟೀಚರು ಅನುಮಾನಿಸಿದರು. ಬಂದವರ ಕೈ ಒಲ್ಲೆ ಅನ್ನುವುದು ಮರ್ಯಾದೆಯಲ್ಲ ಎಂದುಕೊಂಡರೋ ಏನೋ, ಕೈ ಹಿಡಿದು ಒಮ್ಮೆಲೇ ಎದ್ದರು.

ಎರಡು ಹೆಜ್ಜೆ ಇಟ್ಟಿರಬೇಕು. ಟೀಚರ ಮುಖ ಬಿಳುಚಿಕೊಂಡಿತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು, ಮಂಡಿ ಮಡಚಿತು. ಇಣುಕಮ್ಮ ಬಾಚಿ ತಬ್ಬಿಕೊಂಡಳು, ಆದರೂ ಭಾರ ತಡೆಯಲಾಗದೆ ಇಬ್ಬರೂ ನೆಲಕ್ಕೆ ಬಂದರು. ಹಾಲ್ ತುಂಬ ಅಯ್ಯೋ ಎಂಬ ಉದ್ಗಾರ ಎದ್ದಿತು. ಕುರ್ಚಿಗಳ ಕಾಲು ಕಿರ್ರೆಂದವು. ಏನಾಯಿತೋ ಎಂಬ ಗಾಬರಿಗೆ ಅರ್ಧ ಹಾಲ್ ಎದ್ದು ನಿಲ್ಲಲು ಹೊರಟಿತ್ತು. ಕೋಲು ಎಲ್ಲೋ, ಕನ್ನಡಕ ಎಲ್ಲೋ, ಇನ್ನೊಂದು ಗಳಿಗೆಯಲ್ಲಿ ಒಬ್ಬರ ಮೇಲೊಬ್ಬರು ಉರುಳುತ್ತಿದ್ದರು.

"ಹೋಲ್ಡಾನ್!"

ಕಾರಿಡಾರಿನ ಒಳಗಿಂದ ಬಂದ ಆ ಕೂಗಿಗೆ ಕಿಟಕಿ ಗಾಜು ನಡುಗಿತೋ ಇಲ್ಲವೋ, ಎದ್ದವರೆಲ್ಲ ದಬಕ್ಕನೆ ಕೂತರು. ಎಲ್ಲರೂ. ಹಿಂದೆಯೇ ವಾಕರ್ ಕುಟ್ಟುತ್ತ ಒಬ್ಬ ಉದ್ದನೆಯ ಮುದುಕ ಬಂದ. ಬಕ್ಕ ತಲೆ, ಎದೆಗೆ ಎರಡು ಜೇಬಿನ ಖಾಕಿ ಅಂಗಿ, ಮುಖದಲ್ಲಿ ಕೆಂಡದಂಥ ಸಿಟ್ಟು.

"ಇಲ್ಲಿ ಯಾರು ರೈಟ್ ಕೊಟ್ಟಿದ್ದು?"

ನೆಲದ ಮೇಲೆ ಟೀಚರ ತಲೆಯನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದ ಇಣುಕಮ್ಮ, ತಾನೇ ಎಂದಳು. ಆ ಮುದುಕ ಅವಳನ್ನು ಅಡಿಯಿಂದ ಮುಡಿಯವರೆಗೂ ನೋಡಿದ.

"ನೀವು ಯಾವ ಡಿಪೋ?"

ವಕೀಲರು ಮುಖ ಆಚೆ ತಿರುಗಿಸಿಕೊಂಡು ನಕ್ಕರು. ಇಣುಕಮ್ಮನಿಗೆ ನಗು ಬರಲಿಲ್ಲ. ಅವಳಿಗೆ ನಾಚಿಕೆಯಾಗಿತ್ತು, ಭಯವೂ ಆಗಿತ್ತು. ವರ್ಷವಿಡೀ ಯಾರೂ ಬೀಳದ ಮನೆಯಲ್ಲಿ ಮೊದಲು ಬಿದ್ದವರು ತನ್ನ ಕೈ ಹಿಡಿದು ಬಿದ್ದರು. ನರ್ಸು ಓಡಿಬಂದು ಟೀಚರ ಕಾಲು ಎತ್ತಿ ಹಿಡಿದಳು, ರಕ್ತದೊತ್ತಡ ನೋಡಿದಳು. ಬಣ್ಣ ಮರಳಿತು. ಮಣಿಕಟ್ಟು ಸ್ವಲ್ಪ ಉಳುಕಿತ್ತು, ಮೂಳೆಗೇನೂ ಆಗಿರಲಿಲ್ಲ. ಟೀಚರು ಕಣ್ಣು ಬಿಟ್ಟು ಮೊದಲು ಹೇಳಿದ್ದೇ, ಮೇಡಂ ಸೀರೆ ಮಣ್ಣಾಯಿತಲ್ಲ ಎಂದು. ಇಣುಕಮ್ಮನಿಗೆ ಅಳು ಬಂದುಬಿಟ್ಟಿತು.

ಆಮೇಲೆ ಕಂಡಕ್ಟರು ಹಾಲ್‌ನವರನ್ನು ಊಟಕ್ಕೆ ಕಳಿಸಿದ್ದನ್ನು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಆತ ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಕರೆಸಿಕೊಂಡವರು ಕುರ್ಚಿಯ ಅಂಚಿಗೆ ಜರುಗಿ, ಪಾದ ಊರಿ, ಹಿಮ್ಮಡಿ ಮೇಲೆ ಕೆಳಗೆ ಆಡಿಸುತ್ತ ಕಾಯುತ್ತಿದ್ದರು. ಆತ ಅವರ ಮುಖವನ್ನೇ ನೋಡುತ್ತಿದ್ದ. ಎದ್ದು ನಿಂತ ಮೇಲೂ, ಕಂಬಿ ಹಿಡಿದು ಇನ್ನೊಮ್ಮೆ ಕಾಯಬೇಕು. ಆತ ರೈಟ್ ಅಂದ ಮೇಲೆಯೇ ಕಾಲು ಎತ್ತುವುದು. ಒಬ್ಬರು ದಾಟಿದ ಮೇಲೆ ಇನ್ನೊಬ್ಬರು. ಅವಸರ ಮಾಡಿದವರಿಗೆ ಮುಖ ಮೂತಿ ನೋಡದೆ ಬೈಗುಳ. ವಕೀಲರಿಗಂತೂ, ಚಿಲ್ಲರೆ ಇಲ್ಲದಿದ್ದರೆ ಕೆಳಗಿಳೀರಿ ಅಂತ ದಿನವೂ ಬಯ್ಯುತ್ತಾನಂತೆ, ಯಾಕೆ ಅಂತ ಇಬ್ಬರಿಗೂ ಗೊತ್ತಿಲ್ಲವಂತೆ.

ಅವಳಿಗೆ ಅರ್ಥವಾಯಿತು. ಮುದುಕರು ಬೀಳುವುದು ಬರೀ ನಡೆಯುವಾಗಲ್ಲ, ಎಷ್ಟೋ ಸಲ ಏಳುವಾಗ. ಕೂತವರು ತಟ್ಟನೆ ಎದ್ದರೆ ರಕ್ತ ಕಾಲಿಗಿಳಿದು ತಲೆ ಸುತ್ತುತ್ತದೆ. ಇದು ಅವಳು ಊರಿಗೆಲ್ಲ ತರಬೇತಿ ಕೊಡುವಾಗ ಹೇಳುವ ಪಾಠವೇ. ಗೋಡೆಗೆ ಚಿತ್ರ ಅಂಟಿಸಿದ್ದಳು, ಆಯಾಗಳಿಂದ ಬಾಯಿಪಾಠ ಮಾಡಿಸಿದ್ದಳು, ಯಾರೂ ಪಾಲಿಸಿರಲಿಲ್ಲ. ಇಲ್ಲಿ ಇದು ಆಟದ ಹಾಗೆ ನಡೆಯುತ್ತಿತ್ತು. ನಿಮಗೆ ಇದು ಹೊಳೆದದ್ದು ಹೇಗೆ ಎಂದು ಕಂಡಕ್ಟರನ್ನು ಕೇಳಿದಳು. ಹೊಳೆದದ್ದೇನೂ ಇಲ್ಲ, ಬಸ್ಸು ನಿಲ್ಲುವ ಮೊದಲೇ ಎದ್ದವರು ಬೀಳುತ್ತಾರೆ, ಸೇವೆಯುದ್ದಕ್ಕೂ ಕಂಡಿದ್ದು ಅಷ್ಟೇ ಎಂದ ಆತ. ಹಿಂದೆ ಈ ಮನೆಯಲ್ಲೂ ಒಬ್ಬ ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮತ್ತೆ ಏಳಲೇ ಇಲ್ಲವಂತೆ. ಅದರ ಮಾರನೆಯ ದಿನ ಆತ ಡ್ಯೂಟಿಗೆ ಹಾಜರಾದನಂತೆ. ಮೊದಮೊದಲು ನಾವೂ ನಕ್ಕಿದ್ದೆವು ಎಂದು ವಕೀಲರು ಊಟದ ಮನೆಯಿಂದ ಕೂಗಿ ಹೇಳಿದರು.

ಹಾಗಾದರೆ ಇವತ್ತು ಯಾಕೆ ಬರಲಿಲ್ಲ? ಕಂಡಕ್ಟರು ಮೇಲ್ವಿಚಾರಕಿಯ ಕಡೆಗೆ ನೋಡಿದ. ಇವತ್ತು ನಿಮಗೆ ವೀಕ್ಲಿ ಆಫ್ ಅಂತ ಈಯಮ್ಮ ಹೇಳಿದರು, ಹೆಂಡತಿಯ ರೂಮಿನಲ್ಲಿ ಕೂತಿದ್ದೆ ಎಂದ.

ಮೇಲ್ವಿಚಾರಕಿಗೆ ಇನ್ನು ತಡೆಯಲಾಗಲಿಲ್ಲ. ಅಳುತ್ತ ಎಲ್ಲವನ್ನೂ ಹೇಳಿದಳು. ಆ ಮೂಲೆಯಲ್ಲಿ ಕಂಡಕ್ಟರ ಸೀಟು ಇತ್ತು. ಗುಜರಿಯಿಂದ ತಂದ ನಿಜವಾದ ಬಸ್ ಸೀಟು, ಬೋಲ್ಟು ಹಾಕಿ ಕೂರಿಸಿದ್ದರು. ಕಾರಿಡಾರಿನಲ್ಲಿ ಏನೂ ಇಡಬಾರದು, ದಾರಿ ಪೂರ್ತಿ ಖಾಲಿ ಇರಬೇಕು ಎಂದು ಇಲಾಖೆಯ ಹೊಸ ನಿಯಮ ಬಂದಿತ್ತು. ಸೀಟು ಕಂಡರೆ ಪರವಾನಗಿ ಹೋಗುತ್ತದೆ ಎಂದು ಹೆದರಿ ಬೆಳಿಗ್ಗೆ ಕಿತ್ತು ಉಗ್ರಾಣದಲ್ಲಿ ಬಚ್ಚಿಟ್ಟಳು. ಸೀಟು ಇಲ್ಲದೆ ಕಂಡಕ್ಟರು ಹೊರಗೆ ಬಂದರೆ ರಂಪ ಮಾಡುತ್ತಾರೆ ಎಂದು ರಜೆ ಕೊಟ್ಟಳು. ಕಂಡಕ್ಟರು ಇಲ್ಲದಿದ್ದರೆ ಊಟದ ಹೊತ್ತಿಗೆ ಏನಾಗುತ್ತದೆ ಎನ್ನುವುದು ಆಕೆಯ ತಲೆಗೇ ಬಂದಿರಲಿಲ್ಲ. ಇಣುಕಮ್ಮನಿಗೆ ಆಕೆಯನ್ನು ಬಯ್ಯಲು ಬಾಯಿ ಬರಲಿಲ್ಲ, ಯಾಕೆಂದರೆ ಆ ಹೊಸ ನಿಯಮದ ಕರಡು ತಿದ್ದಿದವರಲ್ಲಿ ಅವಳೂ ಒಬ್ಬಳು.

ಸೀಟು ಆ ಮೂಲೆಯಲ್ಲೇ ಯಾಕೆ? ಹಾಲ್‌ನಲ್ಲಿ ಜಾಗವಿಲ್ಲವೇ? ಅವಳು ಹೀಗೆ ಕೇಳಿದ್ದಕ್ಕೆ ಕಂಡಕ್ಟರು ವಾಕರ್ ತಿರುಗಿಸಿಕೊಂಡು ಮೂಲೆಗೆ ನಡೆದ. ಅಲ್ಲಿ ನಿಂತು ಎಡಕ್ಕೆ ನೋಡಿದರೆ ಇಡೀ ಹಾಲ್ ಕಾಣುತ್ತದೆ. ಬಲಕ್ಕೆ ನೋಡಿದರೆ ಕಾರಿಡಾರಿನ ಕೊನೆಯ ಕೋಣೆಯ ಬಾಗಿಲು, ಬಾಗಿಲಿನೊಳಗೆ ಒಂದು ಮಂಚ, ಮಂಚದ ಮೇಲೆ ಒಂದು ಬಿಳಿ ತಲೆ. ಆತನ ಹೆಂಡತಿ. ಅರ್ಧ ಮೈ ಬಿದ್ದುಹೋಗಿ ಎದ್ದು ಓಡಾಡದೆ ಎಷ್ಟೋ ವರ್ಷವಾಗಿತ್ತು. ನಿವೃತ್ತಿಗೆ ಇನ್ನೇನು ಸ್ವಲ್ಪ ದಿನ ಇರುವಾಗ, ಆತ ದೂರದ ರೂಟಿನಲ್ಲಿದ್ದಾಗ ಅದು ಆಗಿತ್ತು. ಆತ ಮನೆಗೆ ಬಂದು ಬಾಗಿಲು ತೆರೆಯುವವರೆಗೂ ಆಕೆ ಅಡುಗೆಮನೆಯ ನೆಲದ ಮೇಲೆ ಇಡೀ ದಿನ ಬಿದ್ದಿದ್ದಳು. ಇದನ್ನು ಆತ ಗೋಡೆಯ ಕಡೆಗೆ ಮುಖ ಮಾಡಿಕೊಂಡು ಹೇಳಿದ.

"ಅವತ್ತಿಂದ ನಾನು ಆ ಬಾಗಿಲಿಂದ ಕಣ್ಣು ತೆಗೆದಿಲ್ಲ ಮೇಡಂ. ಹಾಲೂ ಕಾಣಬೇಕು, ಅವಳೂ ಕಾಣಬೇಕು. ಈ ಜಾಗ ಬಿಟ್ಟರೆ ಬೇರೆ ಜಾಗ ಇಲ್ಲ."

ಸೀಟು ಅಲ್ಲೇ ಇರಲಿ ಎಂದು ಬರೆದುಬಿಡಬೇಕು ಅಂತ ಇಣುಕಮ್ಮನ ಮನಸ್ಸು ತುಡಿಯಿತು. ಒಂದು ಸೀಟಿನಿಂದ ಏನು ಮುಳುಗುತ್ತದೆ? ಆದರೆ ನೋಡದೆ ಬರೆಯುವ ಜಾಯಮಾನವೇ ಅವಳದಲ್ಲ. ಸೀಟು ತರಿಸಿ ಅದೇ ತೂತುಗಳಿಗೆ ಬೋಲ್ಟು ಹಾಕಿಸಿ ಕೂರಿಸಿದಳು. ಬೆಂಕಿ ಬಿತ್ತು ಅಂತ ಇಟ್ಟುಕೊಳ್ಳಿ, ಕೊನೆಯ ಕೋಣೆಯ ಮಂಚವನ್ನು ಹೊರಗೆ ತನ್ನಿ ಎಂದು ಆಯಾಗಳಿಗೆ ಹೇಳಿದಳು. ಅಜ್ಜಿಯನ್ನು ಬೇರೆ ಕಡೆ ಮಲಗಿಸಿ ಖಾಲಿ ಮಂಚ ತರೋಣವೇ ಎಂದು ಅವರು ಕೇಳುತ್ತಿರುವಾಗ ಒಳಗಿಂದ ಅಜ್ಜಿಯದೇ ದನಿ ಬಂತು, ಬೆಂಕಿ ಬಿದ್ದ ದಿನ ನನ್ನನ್ನು ಬಿಟ್ಟು ಮಂಚ ಒಯ್ಯುತ್ತೀರೇನು, ನನ್ನನ್ನೂ ಸೇರಿಸಿಯೇ ತಳ್ಳಿ, ಸ್ವಲ್ಪ ಗಾಳಿಯಾದರೂ ಕಂಡ ಹಾಗಾಗುತ್ತದೆ ಎಂದು.

ಗಾಲಿ ಮಂಚ ಗಡಗಡ ಬಂತು. ನೇರ ದಾರಿಯಲ್ಲಿ ಸಲೀಸಾಗಿ ಬಂದು, ಮೂಲೆಯಲ್ಲಿ ತಿರುಗುವಾಗ ಸೀಟಿನ ಕಬ್ಬಿಣಕ್ಕೆ ಠಣ್ಣನೆ ಬಡಿದು ನಿಂತಿತು. ಹಿಂದಕ್ಕೆಳೆದು ಮತ್ತೆ ತಳ್ಳಿದರು. ಮತ್ತೆ ಠಣ್. ಓರೆ ಮಾಡಿದರು, ಕಾಲ ಕಡೆಯಿಂದ ಎತ್ತಿದರು, ಮೇಲ್ವಿಚಾರಕಿಯೂ ಸೆರಗು ಸಿಕ್ಕಿಸಿ ಕೈ ಹಚ್ಚಿದಳು. ಮಂಚ ಆಚೆಗೂ ಹೋಗದೆ ಈಚೆಗೂ ಬರದೆ ಮೂಲೆಗೆ ಕಚ್ಚಿಕೊಂಡಿತು. ಮನೆಯಲ್ಲಿ ಹಾಸಿಗೆ ಹಿಡಿದವರು ಇರುವುದು ಆಕೆ ಒಬ್ಬರೇ, ಹೊರಗೆ ಹೋಗುವ ದಾರಿ ಇರುವುದು ಅದೊಂದೇ.

ಇನ್ನೊಂದು ಸಲ ಎಂದ ಕಂಡಕ್ಟರು. ಇನ್ನೊಂದು ಸಲ ಮಾಡಿದರು. ಆ ಸಲ ಬಡಿದ ಸದ್ದಿಗೆ ಆತನ ಮುಖ ಹೇಗಾಯಿತು ಅನ್ನುವುದನ್ನು ಇಣುಕಮ್ಮ ನೋಡಲಾರದೆ ಕಣ್ಣು ಕೆಳಗೆ ಮಾಡಿದಳು. ಹೆಂಡತಿಯನ್ನು ಕಾಯಲು ಹಾಕಿಕೊಂಡ ಸೀಟು ಹೆಂಡತಿಯ ದಾರಿಗೇ ಅಡ್ಡ ಕೂತಿತ್ತು. ಅವಳಿಗೆ ತನ್ನ ಕೆಲಸದ ಮೇಲೆಯೇ ಜಿಗುಪ್ಸೆ ಹುಟ್ಟಿತು. ಇಣುಕದೆ ಇದ್ದಿದ್ದರೆ ಈ ಸಂಕಟ ಇರುತ್ತಿರಲಿಲ್ಲ, ಇಣುಕದೆ ಇದ್ದಿದ್ದರೆ ಒಂದು ದಿನ ಆಕೆ ಇಲ್ಲೇ ಸಿಕ್ಕಿಕೊಳ್ಳುತ್ತಿದ್ದಳು.

ಸೀಟನ್ನು ಹಾಲ್‌ನ ಮೂಲೆಗೆ ಹಾಕಿಸೋಣ ಎಂದು ಅವಳೇ ಮೆಲ್ಲಗೆ ಹೇಳಿದಳು. ಅಲ್ಲಿಂದ ಹೆಂಡತಿಯ ಬಾಗಿಲು ಕಾಣುವುದಿಲ್ಲ, ನಡುವೆ ಗೋಡೆ. ಹಾಲ್ ಪಕ್ಕದ ಕೋಣೆಗಳಿಗೆ ಆಕೆಯನ್ನು ತರೋಣವೆಂದರೆ ಅವುಗಳ ಬಾಗಿಲಲ್ಲಿ ಈ ಮಂಚ ನುಗ್ಗುವುದಿಲ್ಲ. ಹಾಲ್‌ನಲ್ಲೇ ಮಲಗಿಸೋಣವೆಂದರೆ, ಮಲಗಿದಲ್ಲೇ ಮೈ ಒರೆಸಿ ಬಟ್ಟೆ ಬದಲಿಸಬೇಕಾದ ಹೆಂಗಸನ್ನು ಮೂವತ್ತು ಜನರ ಕಣ್ಣೆದುರು ಇಡುವುದು ಯಾವ ನ್ಯಾಯ? ಎಲ್ಲ ಕಡೆಯಿಂದಲೂ ಯೋಚಿಸಿ ಎಲ್ಲರೂ ತಲೆ ಕೆರೆದುಕೊಂಡರು. ಕಂಡಕ್ಟರು ಮಾತ್ರ ಕಡ್ಡಿ ಮುರಿದಂತೆ ಹೇಳಿದ.

"ಹಾಗಾದ್ರೆ ನನ್ನ ರಾಜೀನಾಮೆ ತಗೊಳ್ಳಿ. ನಾನು ಇವಳ ರೂಮಲ್ಲೇ ಕೂತಿರ್ತೀನಿ. ಹಾಲ್‌ಗೆ ಬೇರೆ ಯಾರನ್ನಾದ್ರೂ ನೋಡಿಕೊಳ್ಳಿ."

ಬೇರೆ ಯಾರು? ಆಯಾಗಳು ಹೇಳಿದರೆ ಯಾರೂ ಕೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಊಟ ಮುಗಿಸಿ ಬಂದ ವಕೀಲರು ಕಂಬಿ ಹಿಡಿದು ನಿಂತಿದ್ದರು, ಅವರ ಬಾಯಿಯಲ್ಲೂ ತಮಾಷೆ ಇರಲಿಲ್ಲ. ಉಳುಕಿದ ಕೈಗೆ ಪಟ್ಟಿ ಸುತ್ತಿಕೊಂಡ ಹೊಲಿಗೆ ಟೀಚರು ಹಾಲ್‌ನ ಕುರ್ಚಿಯಲ್ಲಿ ಕೂತು, ಏಳಲೋ ಬೇಡವೋ ಎಂದು ಇತ್ತ ನೋಡುತ್ತಿದ್ದರು.

ಆಗ ಇಣುಕಮ್ಮನಿಗೆ ಒಂದು ಪ್ರಶ್ನೆ ಬಂತು. ಇಷ್ಟು ಹೊತ್ತು ಎಲ್ಲರೂ ಈ ಅಜ್ಜಿಯ ವಿಷಯವನ್ನೇ ಮಾತಾಡಿದರು, ಅಜ್ಜಿಯನ್ನು ಯಾರೂ ಕೇಳಲಿಲ್ಲವಲ್ಲ? ಆಕೆ ಕಾರಿಡಾರಿನ ನಡುವೆ, ಮಂಚದ ಮೇಲೆ, ಛಾವಣಿ ನೋಡುತ್ತ ಮಲಗಿಯೇ ಇದ್ದರು. ಇಣುಕಮ್ಮ ಮಂಚದ ಪಕ್ಕ ಬಾಗಿ, ನಿಮಗೆ ಏನು ಬೇಕು ಅಮ್ಮಾ ಎಂದು ಕೇಳಿದಳು.

ಅಜ್ಜಿ ಒಮ್ಮೆ ಗಂಡನ ಕಡೆಗೆ ನೋಡಿದರು.

"ಮೊದಲು ಇವರನ್ನ ಆ ಹಾಲ್‌ಗೆ ಕಳಿಸಿ ತಾಯಿ, ನನ್ನ ಪುಣ್ಯ. ಡ್ಯೂಟಿಲಿ ಇದ್ದಷ್ಟು ಕಾಲ ಮುಖ ಕಾಣಿಸಲಿಲ್ಲ. ಈಗ ನೋಡಿದ್ರೆ ಬೆಳಗಿಂದ ಸಂಜೆವರೆಗೂ ನನ್ನೇ ಗುರಾಯಿಸ್ತಾ ಕೂತಿರ್ತಾರೆ. ಒಂದು ಆಕಳಿಕೆ ಬಂದರೂ ಏನಾಯ್ತೇ ಅಂತಾರೆ, ಕಣ್ಣು ಮುಚ್ಚಿದ್ರೂ ಏನಾಯ್ತೇ ಅಂತಾರೆ. ನಾನು ಬಾಗಿಲು ಹಾಕ್ಕೊಂಡು ನೆಮ್ಮದಿಯಾಗಿ ಮಲಗಬೇಕು."

ಯಾರೋ ಒಬ್ಬ ಆಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಕಂಡಕ್ಟರು ನಿಂತಲ್ಲೇ ಕಕ್ಕಾಬಿಕ್ಕಿಯಾದ. ನಿಜವಾಗ್ಲೂ ಹಾಗೆ ಅನ್ನಿಸುತ್ತೇನೇ ಎಂದು ಕೇಳಿದ್ದಕ್ಕೆ ಹೆಂಡತಿ, ಮತ್ತೆ ಸುಳ್ಳು ಹೇಳ್ತೀನಾ ಎಂದು ಮುಖ ತಿರುಗಿಸಿಕೊಂಡರು. ಆತ ವಾಕರ್ ಎತ್ತಿಟ್ಟು, ಯಾರ ಮುಖವನ್ನೂ ನೋಡದೆ, ಹಾಲ್‌ನ ಕಡೆಗೆ ಹೊರಟ. ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು, ಮನಸ್ಸಿಗೆ ಬಹಳ ನೋವಾಗಿತ್ತು. ಇಣುಕಮ್ಮನಿಗೆ ಅಜ್ಜಿಯ ಮೇಲೆ ಸಿಟ್ಟು ಬಂತು. ಇಷ್ಟು ಖಾರವಾಗಿ ಹೇಳಬೇಕಿತ್ತೇ ಎನಿಸಿತು.

ಬಡಗಿ ಬಂದು ಸೀಟನ್ನು ಹಾಲ್‌ನ ಮೂಲೆಯಲ್ಲಿ ಕೂರಿಸಿ ಬೋಲ್ಟು ಬಿಗಿದ. ಅಷ್ಟರಲ್ಲಿ ಇಣುಕಮ್ಮ ಕಚೇರಿ ಕೋಣೆಯಲ್ಲಿ ಕೂತು ವರದಿ ಬರೆದಳು. ಬಿದ್ದವರು ಒಬ್ಬರು ಎಂದು ಬರೆದು, ಕಾರಣ ಎಂಬಲ್ಲಿ ತನ್ನ ಹುದ್ದೆಯನ್ನೇ ಬರೆದಳು. ಕಾರಿಡಾರ್ ಈಗ ಖಾಲಿ ಇದೆ, ಪರವಾನಗಿ ಮುಂದುವರಿಸಬಹುದು ಎಂದೂ ಬರೆದಳು. ಮೇಲ್ವಿಚಾರಕಿ ಕೈ ಮುಗಿದಾಗ, ಮುಂದಿನ ಸಲ ಸೋಪು ಬಚ್ಚಲಲ್ಲೇ ಇರಲಿ ಎಂದಳು.

ಹೊರಡುವ ಮುಂಚೆ ಒಂದು ಸಲ ಕೊನೆಯ ಕೋಣೆಗೆ ಇಣುಕದೆ ಅವಳಿಗೆ ಮನಸ್ಸು ತಡೆಯಲಿಲ್ಲ. ಮಂಚ ತನ್ನ ಜಾಗದಲ್ಲಿತ್ತು. ಅಜ್ಜಿ ಈ ಕಡೆಗೆ ಮುಖ ಮಾಡಿ ಮಲಗಿದ್ದರು. ಎಲ್ಲ ನೀವು ಹೇಳಿದ ಹಾಗೆಯೇ ಆಯಿತು, ಇನ್ನು ನೆಮ್ಮದಿಯಾಗಿ ಮಲಗಿ ಎಂದು ಸ್ವಲ್ಪ ಬಿಗಿಯಾಗಿಯೇ ಹೇಳಿ, ಅವಳು ಬಾಗಿಲು ಎಳೆದುಕೊಳ್ಳ ಹೋದಳು.

"ಮುಚ್ಚಬೇಡಮ್ಮಾ."

ಅವಳು ಹಿಡಿಕೆ ಹಿಡಿದುಕೊಂಡೇ ನಿಂತಳು. ಬಾಗಿಲು ಮುಚ್ಚಿದರೆ ತನಗೆ ಜೀವ ಹೋದಷ್ಟು ಭಯ ಎಂದರು ಅಜ್ಜಿ. ಆ ದಿನ ಅಡುಗೆಮನೆಯ ನೆಲದಲ್ಲಿ ಬಿದ್ದಲ್ಲಿಂದ ಕಾಣುತ್ತಿದ್ದದ್ದೂ ಒಂದು ಮುಚ್ಚಿದ ಬಾಗಿಲಂತೆ. ಹಾಗಾದರೆ ಅಷ್ಟು ಜನರ ಮುಂದೆ ಅವರಿಗೆ ಹಾಗೆ ಯಾಕೆ ಅಂದಿರಿ ಎಂದು ಇಣುಕಮ್ಮ ಕೇಳಿದಳು.

"ಇನ್ನೇನು ಅನ್ನಲಿ? ಹಾಗೆ ಅನ್ನದೆ ಇದ್ದಿದ್ರೆ ಅವರು ಈ ಬಾಗಿಲು ಬಿಟ್ಟು ಹೋಗ್ತಿದ್ರಾ? ಆ ಹೊಲಿಗೆ ಟೀಚರು ಬಿದ್ದ ಸದ್ದು ನಂಗೂ ಕೇಳಿಸ್ತು. ನೆಲದ ಮೇಲೆ ಬಿದ್ದಿರೋದು ಹೇಗಿರುತ್ತೆ ಅಂತ ನಂಗೊತ್ತು ತಾಯಿ."

ಹಾಲ್‌ನಲ್ಲಿ ಕಾಫಿಯ ಗಂಟೆ ಹೊಡೆಯಿತು. ಒಂದಷ್ಟು ಹೊತ್ತು ಏನೂ ಕೇಳಿಸಲಿಲ್ಲ. ಇಬ್ಬರೂ ಆ ಕಡೆಗೆ ಕಿವಿ ಕೊಟ್ಟರು. ಆಮೇಲೆ ಗೋಡೆಯ ಆಚೆಯಿಂದ, ಮೊದಲಿನಷ್ಟು ಗಟ್ಟಿಯಿಲ್ಲದ ದನಿಯಲ್ಲಿ, ರೈಟ್ ಎಂದು ಕೇಳಿಸಿತು. ಒಂದು ಕೋಲು ನಿಧಾನವಾಗಿ ನೆಲ ಕುಟ್ಟಿಕೊಂಡು ಹೋಯಿತು.

"ಇನ್ನೂ ಮುನಿಸ್ಕೊಂಡಿದ್ದಾರೆ," ಎಂದರು ಅಜ್ಜಿ. ಅವರ ಕಣ್ಣಿನಿಂದ ನೀರು ಇಳಿದು ದಿಂಬಿಗೆ ಹೋಗುತ್ತಿತ್ತು. "ಇರಲಿ ಬಿಡು. ದನಿ ಕೇಳ್ತಾ ಇದೆಯಲ್ಲ."

ಇಣುಕಮ್ಮ ಬಾಗಿಲನ್ನು ಗೋಡೆಗೆ ತಾಗುವವರೆಗೂ ತೆರೆದಿಟ್ಟು, ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತಳು.